ಕ್ಯೂಬಾ ಮೇಲಿನ ದಿಗ್ಬಂಧನ: 60 ವರ್ಷದ ಬೀಗ ಯಾಕೆ ತೆರೆಯುತ್ತಿಲ್ಲ?

ಕ್ಯೂಬಾದಲ್ಲಿ ಪ್ರತಿ ಮನೆಗೂ ಒಂದು ರೇಷನ್ ಪುಸ್ತಕ ಇರುತ್ತದೆ. ಅದರ ಹೆಸರು ಲಿಬ್ರೆತಾ. ಅಕ್ಕಿ ಕೊಟ್ಟರೆ, ಸಕ್ಕರೆ ಕೊಟ್ಟರೆ ಅಂಗಡಿಯವರು ಅದರಲ್ಲಿ ಪೆನ್ನಿನಿಂದ ಗುರುತು ಹಾಕುತ್ತಾರೆ. ಸೊಸೈಟಿ ಮುಂದೆ ಸೀಮೆಎಣ್ಣೆ ಕ್ಯಾನ್ ಹಿಡಿದು ಕ್ಯೂ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಇಂಥ ಅಂಗಡಿಗೆ ಬೊದೇಗಾ ಅನ್ನುತ್ತಾರೆ. 1962ರಲ್ಲಿ ಶುರುವಾದ ಪದ್ಧತಿ ಇದು, ಇವತ್ತಿಗೂ ನಿಂತಿಲ್ಲ.

ಈ ಪುಸ್ತಕದ ಲೆಕ್ಕದಲ್ಲಿ ತಲೆಗೆ ದಿನಕ್ಕೊಂದು ಬನ್ನು ಸಿಗುತ್ತದೆ. ಅದರ ತೂಕ 80 ಗ್ರಾಂ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಗೋಧಿ ಹಿಟ್ಟು ಸಾಲದೆ ಸರ್ಕಾರ ಅದನ್ನು 60 ಗ್ರಾಂಗೆ ಇಳಿಸಿತು. ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಬನ್ನು. ಮಗುವಿನ ಬೆಳಗಿನ ತಿಂಡಿಗೂ ಅದು ಸಾಲದು.

ಇದಕ್ಕೆ ಯಾರು ಕಾರಣ? ರಾಜಧಾನಿ ಹವಾನಾದ ಸರ್ಕಾರವನ್ನು ಕೇಳಿದರೆ ಅಮೆರಿಕ ಅನ್ನುತ್ತದೆ. ಕ್ಯೂಬಾ ಬಿಟ್ಟು ಅಮೆರಿಕದ ಮಯಾಮಿ ಸೇರಿದವರಲ್ಲಿ ಹೆಚ್ಚಿನವರು ಕಮ್ಯುನಿಸ್ಟ್ ಪಕ್ಷ ಅನ್ನುತ್ತಾರೆ. ಎರಡೂ ಮಾತಿನಲ್ಲಿ ನಿಜ ಇದೆ. ಆದರೆ ಎಷ್ಟು ನಿಜ, ಯಾವ ಕಡೆ ಜಾಸ್ತಿ ಅನ್ನುವುದನ್ನು ನೋಡಬೇಕಾದರೆ ಕ್ಯೂಬಾ ಜೊತೆ ವ್ಯಾಪಾರವನ್ನು ತಡೆಯುವ ಅಮೆರಿಕದ ದಿಗ್ಬಂಧನ ದಿನನಿತ್ಯ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ದಿಗ್ಬಂಧನ ಕೊನೆಯಾಗಬೇಕು. ಕ್ಯೂಬಾ ಸರ್ಕಾರ ಒಳ್ಳೆಯದು ಅಂತ ಅಲ್ಲ. ಆ ಸರ್ಕಾರ ತಪ್ಪು ಮಾಡಿದಾಗಲೂ ಏಟು ತಿನ್ನುವವರು ಬೊದೇಗಾ ಮುಂದೆ ನಿಂತವರು, ಅದಕ್ಕೆ.

ಸಕ್ಕರೆಯಿಂದ ಹತ್ತಿದ ಜಗಳ

1959ರ ಜನವರಿ 1ಕ್ಕೆ ಸರ್ವಾಧಿಕಾರಿ ಬಟಿಸ್ಟಾ ದೇಶ ಬಿಟ್ಟು ಓಡಿದ. ಫಿಡೆಲ್ ಕ್ಯಾಸ್ಟ್ರೋ ಕೈಗೆ ಅಧಿಕಾರ ಬಂತು. ಆಗ ಕ್ಯೂಬಾದ ಬದುಕೇ ಸಕ್ಕರೆ. ಅದರ ದೊಡ್ಡ ಗಿರಾಕಿ ಅಮೆರಿಕ. ಇಷ್ಟು ಟನ್ ಕೊಳ್ಳುತ್ತೇವೆ ಅಂತ ಪ್ರತಿ ವರ್ಷ ಕೋಟಾ ಗೊತ್ತು ಮಾಡುತ್ತಿತ್ತು.

ಹೊಸ ಸರ್ಕಾರ ಭೂಸುಧಾರಣೆ ತಂದಿತು. ದೊಡ್ಡ ಕಬ್ಬಿನ ತೋಟಗಳನ್ನು ಕಿತ್ತುಕೊಂಡಿತು. ಅವುಗಳಲ್ಲಿ ಅಮೆರಿಕನ್ ಕಂಪನಿಗಳ ಜಮೀನು ಬಹಳ ಇತ್ತು. 1960ರ ಬೇಸಿಗೆಯಲ್ಲಿ ಸೋವಿಯತ್ ರಷ್ಯಾದಿಂದ ಕಚ್ಚಾತೈಲ ಬಂತು. ಅದನ್ನು ಸಂಸ್ಕರಿಸಲು ಟೆಕ್ಸಾಕೊ, ಎಸ್ಸೊ, ಶೆಲ್ ಒಪ್ಪಲಿಲ್ಲ. ಕ್ಯೂಬಾ ಆ ತೈಲಾಗಾರಗಳನ್ನೇ ವಶಕ್ಕೆ ತೆಗೆದುಕೊಂಡಿತು. ಅಧ್ಯಕ್ಷ ಐಸೆನ್‌ಹೋವರ್ ಜುಲೈನಲ್ಲಿ ಸಕ್ಕರೆ ಕೋಟಾ ಕತ್ತರಿಸಿದರು. ಆಗಸ್ಟ್‌ನಲ್ಲಿ ಕ್ಯೂಬಾ ಅಮೆರಿಕನ್ನರ ದೊಡ್ಡ ದೊಡ್ಡ ಕಂಪನಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಅಕ್ಟೋಬರ್‌ನಲ್ಲಿ ಅಮೆರಿಕ ಆಹಾರ, ಔಷಧ ಬಿಟ್ಟು ಉಳಿದ ರಫ್ತು ನಿಲ್ಲಿಸಿತು. 1962ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿ ವ್ಯಾಪಾರವನ್ನು ಪೂರ್ತಿ ಮುಚ್ಚಿದರು.

ಇದರ ಉದ್ದೇಶ ಏನಿತ್ತು ಅನ್ನುವುದಕ್ಕೆ ಒಂದು ಸರ್ಕಾರಿ ಟಿಪ್ಪಣಿ ಉಳಿದಿದೆ. 1960ರ ಏಪ್ರಿಲ್ 6ರಂದು ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿ ಲೆಸ್ಟರ್ ಮ್ಯಾಲರಿ ಬರೆದದ್ದು. ಕ್ಯೂಬಾದ ಬಹುಪಾಲು ಜನ ಕ್ಯಾಸ್ಟ್ರೋ ಕಡೆ ಇದ್ದಾರೆ ಎಂದು ಅವರು ಅದರಲ್ಲಿ ಒಪ್ಪಿಕೊಳ್ಳುತ್ತಾರೆ. ಆದ್ದರಿಂದ ಹಣ ಮತ್ತು ಸರಕು ಸಿಗದ ಹಾಗೆ ಮಾಡಬೇಕು, ಕೂಲಿ ಇಳಿಯಬೇಕು, ಹಸಿವು ಮತ್ತು ಹತಾಶೆಯಿಂದ ಜನ ಸರ್ಕಾರವನ್ನು ಬೀಳಿಸಬೇಕು ಎಂಬುದು ಅದರ ಸಾರ. ಈ ಟಿಪ್ಪಣಿಯನ್ನು ಮುಂದೆ ಆ ಇಲಾಖೆಯೇ ತನ್ನ ದಾಖಲೆಗಳ ಸಂಪುಟದಲ್ಲಿ ಅಚ್ಚು ಹಾಕಿದೆ. ಓದುವಾಗ ನನ್ನ ಕಣ್ಣು ಹಸಿವು ಅನ್ನುವ ಪದದ ಮೇಲೆಯೇ ನಿಂತುಬಿಟ್ಟಿತು. ಅದು ದಿಗ್ಬಂಧನದ ಅಡ್ಡಪರಿಣಾಮ ಆಗಿರಲಿಲ್ಲ. ಮೊದಲಿನಿಂದಲೂ ಅದೇ ದಾರಿ ಎಂದು ಗೊತ್ತು ಮಾಡಿಕೊಂಡಿದ್ದರು.

ಸುಮಾರು 30 ವರ್ಷ ರಷ್ಯಾದ ನೆರವು ಈ ಏಟನ್ನು ತಡೆಯಿತು. ಸಕ್ಕರೆಗೆ ಜಾಸ್ತಿ ಬೆಲೆ, ತೈಲ ಅಗ್ಗಕ್ಕೆ. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಕ್ಯೂಬಾದ ಆರ್ಥಿಕತೆ ಮೂರೇ ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ಕುಗ್ಗಿತು. 1992-93ರಲ್ಲಿ 50 ಸಾವಿರಕ್ಕೂ ಜಾಸ್ತಿ ಜನರಿಗೆ ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು ಶುರುವಾಯಿತು. ಸರಿಯಾದ ಊಟವಿಲ್ಲದೆ ಬಿ ವಿಟಮಿನ್ ಕೊರತೆಯಾಗಿ ನರಗಳಿಗೆ ಬಂದ ಕಾಯಿಲೆ ಅದು. ಸರ್ಕಾರ ಇಡೀ ದೇಶಕ್ಕೆ ವಿಟಮಿನ್ ಮಾತ್ರೆ ಹಂಚಿದ ಮೇಲೆ ಅದು ಇಳಿಯಿತು.

ಆ ಹೊತ್ತಿಗೇ, 1992ರಲ್ಲಿ, ಅಮೆರಿಕ ಬಿಗಿಯನ್ನು ಇನ್ನಷ್ಟು ಹೆಚ್ಚಿಸಿತು. ಅದೇ ವರ್ಷ ನಮ್ಮ ದೇಶದಿಂದ ಗೋಧಿ ಹೋಯಿತು. ಸಿಪಿಎಂ ನಾಯಕ ಹರ್‌ಕಿಶನ್ ಸಿಂಗ್ ಸುರ್ಜೀತ್ 10 ಸಾವಿರ ಟನ್ ಗೋಧಿ ಕಳಿಸುವ ಅಭಿಯಾನ ನಡೆಸಿದರು.

ಹಡಗು ಅಡ್ಡ ನಿಂತಿಲ್ಲ, ಆದರೂ ಸರಕು ಬರುವುದಿಲ್ಲ

ಕ್ಯೂಬಾದವರು ಇದನ್ನು ಬ್ಲೊಕೇಯೊ ಅನ್ನುತ್ತಾರೆ, ಅಂದರೆ ದಿಗ್ಬಂಧನ. ಅಮೆರಿಕ ಈ ಪದವನ್ನು ಒಪ್ಪುವುದಿಲ್ಲ. ಹವಾನಾ ಬಂದರಿನ ಮುಂದೆ ನಮ್ಮ ಯುದ್ಧನೌಕೆ ಇಲ್ಲ, ಬೇರೆ ದೇಶಗಳ ಜೊತೆ ಕ್ಯೂಬಾ ಆರಾಮಾಗಿ ವ್ಯಾಪಾರ ಮಾಡಬಹುದು, ಇದು ನಾವು ವ್ಯಾಪಾರ ಮಾಡುವುದಿಲ್ಲ ಅನ್ನುವ ತೀರ್ಮಾನ ಅಷ್ಟೆ ಎಂದು ಅದು ವಾದಿಸುತ್ತ ಬಂದಿದೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಯಾರ ಜೊತೆ ವ್ಯಾಪಾರ ಮಾಡಬೇಕು ಅನ್ನುವುದು ಆಯಾ ದೇಶದ ಇಷ್ಟ.

ಆದರೆ ಒಂದು ಸಣ್ಣ ಯಂತ್ರದ ಹಿಂದೆ ಹೋಗಿ ನೋಡೋಣ. ಹವಾನಾದ ಒಂದು ಆಸ್ಪತ್ರೆಗೆ ಯುರೋಪಿನ ಯಂತ್ರ ಬೇಕು ಅಂದುಕೊಳ್ಳಿ. ಅದರ ಬೆಲೆಯಲ್ಲಿ ಅಮೆರಿಕದ ಬಿಡಿಭಾಗಗಳ ಪಾಲು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇದ್ದರೆ, ಯುರೋಪಿನ ಕಂಪನಿಯೇ ಅಮೆರಿಕದ ಲೈಸೆನ್ಸ್ ತರಬೇಕು. ಪಾಲು ಕಡಿಮೆ ಇದೆ ಅನ್ನೋಣ. ಸಾಗಿಸುವುದಕ್ಕೆ ಹಡಗು ಬೇಕು. 1992ರ ಕಾನೂನಿನ ಪ್ರಕಾರ ವ್ಯಾಪಾರಕ್ಕೆಂದು ಕ್ಯೂಬಾಗೆ ಹೋದ ಹಡಗು ಮುಂದಿನ 180 ದಿನ ಅಮೆರಿಕದ ಬಂದರಿಗೆ ಸರಕು ಏರಿಸಲು, ಇಳಿಸಲು ಬರುವಂತಿಲ್ಲ. ಆರು ತಿಂಗಳು ಅಮೆರಿಕದಂಥ ಮಾರುಕಟ್ಟೆ ಬಿಡಲು ಯಾವ ಹಡಗಿನವರು ಒಪ್ಪುತ್ತಾರೆ? ಒಪ್ಪುವವರು ಬಾಡಿಗೆ ಜಾಸ್ತಿ ಕೇಳುತ್ತಾರೆ.

ಇನ್ನು ದುಡ್ಡು ಕಟ್ಟಬೇಕು. ತೊಡಕು ಶುರುವಾಗುವುದೇ ಇಲ್ಲಿ. ಡಾಲರ್ ವಹಿವಾಟು ಅಂದರೆ ಅದು ಎಲ್ಲೋ ಒಂದು ಕಡೆ ಅಮೆರಿಕದ ಬ್ಯಾಂಕನ್ನು ಮುಟ್ಟಿಯೇ ಹೋಗುತ್ತದೆ. ಮುಟ್ಟಿದರೆ ಅಮೆರಿಕದ ಕಾನೂನು ಅದಕ್ಕೆ ತಗಲುತ್ತದೆ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕಿಗೆ ಸುಮಾರು 890 ಕೋಟಿ ಡಾಲರ್ ದಂಡ ಬಿತ್ತು. ಸುಡಾನ್, ಇರಾನ್, ಕ್ಯೂಬಾಗೆ ಸಂಬಂಧಪಟ್ಟ ವಹಿವಾಟು ನಡೆಸಿತ್ತು ಎಂಬುದು ಆರೋಪ. ಇದನ್ನು ನೋಡಿದ ಉಳಿದ ಬ್ಯಾಂಕುಗಳು ಏನು ಮಾಡಿಯಾವು? ಕ್ಯೂಬಾ ಎಂಬ ಹೆಸರು ಕಂಡರೆ ಸಾಕು, ಕಾನೂನಿನಲ್ಲಿ ಅವಕಾಶ ಇದ್ದರೂ ಆಗುವುದಿಲ್ಲ ಅನ್ನುತ್ತವೆ. ಯಾರೂ ನಿಷೇಧ ಹೇರಿರುವುದಿಲ್ಲ. ಸುಮ್ನೆ ತಲೆನೋವು ಯಾಕೆ ಎಂಬ ಭಯ ಅಷ್ಟೆ. ಲಾಭ ಕಡಿಮೆ, ದಂಡದ ಭಯ ದೊಡ್ಡದು. ಬ್ಯಾಂಕಿನ ಜಾಗದಲ್ಲಿ ನಾವಿದ್ದರೂ ಹಾಗೇ ಮಾಡುತ್ತಿದ್ದೆವೇನೋ.

ಇದರ ಮೇಲೆ ಇನ್ನೊಂದು ಹೊರೆ ಇದೆ. ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳು ಎಂದು ಅಮೆರಿಕ ಒಂದು ಪಟ್ಟಿ ಇಟ್ಟುಕೊಂಡಿದೆ. ಕ್ಯೂಬಾ 1982ರಲ್ಲಿ ಆ ಪಟ್ಟಿಗೆ ಸೇರಿತು. 2015ರಲ್ಲಿ ಒಬಾಮ ತೆಗೆದರು. 2021ರ ಜನವರಿಯಲ್ಲಿ, ಅಧಿಕಾರ ಬಿಡುವ ಕೆಲವೇ ದಿನ ಮೊದಲು, ಟ್ರಂಪ್ ಮತ್ತೆ ಸೇರಿಸಿದರು. ಪಟ್ಟಿಯಲ್ಲಿರುವ ದೇಶದ ಹೆಸರು ಕಂಡರೆ ಬ್ಯಾಂಕುಗಳು ಇನ್ನಷ್ಟು ಹಿಂದೆ ಸರಿಯುತ್ತವೆ. ಕ್ಯೂಬಾಗೆ ಪ್ರವಾಸ ಹೋಗಿ ಬಂದ ಯುರೋಪಿನವರಿಗೂ ಇದರಿಂದ ಕಷ್ಟ. ಮುಂದೆ ಅಮೆರಿಕಕ್ಕೆ ಹೋಗುವಾಗ ಅವರಿಗೆ ಮೊದಲಿನಂತೆ ವೀಸಾ ಇಲ್ಲದ ಪ್ರವೇಶ ಸಿಗುವುದಿಲ್ಲ. ಪ್ರವಾಸಿಗರ ದುಡ್ಡನ್ನೇ ನಂಬಿರುವ ದೇಶಕ್ಕೆ ಇದು ಸಣ್ಣ ನಷ್ಟ ಅಲ್ಲ.

2020ರ ಕೊರೊನಾ ಕಾಲದ ಒಂದು ಸಂಗತಿ ಹೇಳಬೇಕು. ಕ್ಯೂಬಾಗೆ ವೆಂಟಿಲೇಟರ್ ಕೊಡುತ್ತಿದ್ದ ಎರಡು ಸ್ವಿಸ್ ಕಂಪನಿಗಳನ್ನು ಅಮೆರಿಕದ ಒಂದು ಕಂಪನಿ ಕೊಂಡುಕೊಂಡಿತ್ತು. ಮಾಲೀಕರು ಬದಲಾದದ್ದರಿಂದ ಕ್ಯೂಬಾ ಜೊತೆಗಿನ ವಹಿವಾಟು ನಿಂತಿತು. ಇಡೀ ಜಗತ್ತು ಉಸಿರಿಗಾಗಿ ಪರದಾಡುತ್ತಿದ್ದ ಏಪ್ರಿಲ್ ತಿಂಗಳು ಅದು.

ಎದುರು ವಾದವನ್ನೂ ಸರಿಯಾಗಿ ಹೇಳಬೇಕು. ಆಹಾರ ಮಾರುವುದಕ್ಕೆ ಅಮೆರಿಕ 2000ದಲ್ಲಿ ಕಾನೂನು ಸಡಿಲಿಸಿದೆ. 2001ರ ನವೆಂಬರ್‌ನ ಮಿಶೆಲ್ ಚಂಡಮಾರುತದ ನಂತರ ಕ್ಯೂಬಾ ಕೊಳ್ಳಲು ಶುರು ಮಾಡಿತು. ಈಗ ಕ್ಯೂಬಾದವರ ತಟ್ಟೆಗೆ ಬೀಳುವ ಕೋಳಿಮಾಂಸದಲ್ಲಿ ದೊಡ್ಡ ಪಾಲು ಅಮೆರಿಕದಿಂದಲೇ ಬರುವುದು. ಹೆಪ್ಪುಗಟ್ಟಿಸಿದ ಕೋಳಿಕಾಲುಗಳು, ಪೆಟ್ಟಿಗೆ ಪೆಟ್ಟಿಗೆ. ಆದರೆ ಷರತ್ತು ಏನೆಂದರೆ ದುಡ್ಡು ಮುಂಗಡ ಕಟ್ಟಬೇಕು. ಅಮೆರಿಕದವರು ಸಾಲ ಕೊಡುವಂತಿಲ್ಲ. ಬೇರೆ ದೇಶಗಳು 90 ದಿನ, 180 ದಿನದ ಸಾಲದಲ್ಲಿ ಧಾನ್ಯ ಕೊಳ್ಳುತ್ತವೆ. ಕ್ಯೂಬಾ ಕೈಯಲ್ಲಿ ಡಾಲರ್ ಇದ್ದ ದಿನ ಮಾತ್ರ ಕೊಳ್ಳಬಹುದು. ಇಲ್ಲದ ದಿನ ಬನ್ನು 60 ಗ್ರಾಂ.

ತಪ್ಪೆಲ್ಲ ಅಮೆರಿಕದ್ದೇ?

ಅಲ್ಲ. ಇದನ್ನು ಹೇಳದೆ ದಿಗ್ಬಂಧನ ತೆಗೆಯಿರಿ ಅಂದರೆ ಅದು ಅರ್ಧ ಮಾತು.

ಕ್ಯೂಬಾದ ನೆಲ ಫಲವತ್ತು, ಮಳೆಯೂ ಬರುತ್ತದೆ. ಆದರೂ ಊಟದ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. ರೈತ ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಸರ್ಕಾರದ ಖರೀದಿ ವ್ಯವಸ್ಥೆಗೆ ಕೊಡಬೇಕು. ಅದಕ್ಕೆ ಅಕೋಪಿಯೊ ಅನ್ನುತ್ತಾರೆ. ಬೆಲೆ ಸರ್ಕಾರದ್ದು. ಲಾರಿ ಬರಲಿಲ್ಲ ಅಂದರೆ ಟೊಮೆಟೊ ಹೊಲದಲ್ಲೇ ಕೊಳೆಯುತ್ತದೆ. ದುಡ್ಡು ಕೈಗೆ ಬರುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹೀಗಾದರೆ ಯಾರಿಗೆ ಬಿತ್ತಬೇಕು ಅನ್ನಿಸುತ್ತದೆ? ಇದಕ್ಕೆ ವಾಷಿಂಗ್ಟನ್ ಕಾರಣ ಅಲ್ಲ.

ಸಕ್ಕರೆಯ ಕತೆ ಇನ್ನೂ ನೋವಿನದು. 1990ರ ಹೊತ್ತಿಗೆ ವರ್ಷಕ್ಕೆ 80 ಲಕ್ಷ ಟನ್ ತಯಾರಿಸುತ್ತಿದ್ದ ದೇಶ ಅದು. 2002ರಲ್ಲಿ ಸರ್ಕಾರ ಅರ್ಧದಷ್ಟು ಕಾರ್ಖಾನೆಗಳನ್ನು ತಾನೇ ಮುಚ್ಚಿತು. 2025ರ ಹಂಗಾಮಿನಲ್ಲಿ ಉತ್ಪಾದನೆ 2 ಲಕ್ಷ ಟನ್‌ಗೂ ಕೆಳಗೆ ಹೋಯಿತು. ಸಕ್ಕರೆಯಿಂದ ಹೆಸರಾದ ನಾಡು ಈಗ ಸಕ್ಕರೆ ಕೊಂಡು ತರುತ್ತಿದೆ. ಬಿಡಿಭಾಗ, ಡೀಸೆಲ್, ಗೊಬ್ಬರ ಸಿಗದಿರುವುದರಲ್ಲಿ ದಿಗ್ಬಂಧನದ ಪಾಲು ಖಂಡಿತ ಇದೆ. ಆದರೆ ಇರುವ ದುಡ್ಡನ್ನು ಎಲ್ಲಿ ಸುರಿಯಬೇಕು ಅಂತ ತೀರ್ಮಾನಿಸಿದ್ದು ಹವಾನಾ. ವರ್ಷಗಟ್ಟಲೆ ಕೃಷಿಗಿಂತ ಎಷ್ಟೋ ಪಟ್ಟು ಜಾಸ್ತಿ ಹಣ ಹೋಟೆಲ್ ಕಟ್ಟಲು ಹೋಯಿತು. ಹವಾನಾದ ವೆದಾದೊ ಬಡಾವಣೆಯಲ್ಲಿ 42 ಮಹಡಿಯ ಹೋಟೆಲ್ ಎದ್ದು ನಿಂತಿದೆ. ಅದೇ ದೇಶದಲ್ಲಿ 2024ರ ಅಕ್ಟೋಬರ್ 18ರಂದು ಮತಾನ್ಸಾಸ್‌ನ ವಿದ್ಯುತ್ ಸ್ಥಾವರ ಕೈಕೊಟ್ಟು ಇಡೀ ಗ್ರಿಡ್ ಕುಸಿಯಿತು. ಒಂದು ಊರಲ್ಲಲ್ಲ, ದೇಶಕ್ಕೆ ದೇಶದಲ್ಲೇ ಕರೆಂಟ್ ಹೋಯಿತು. ಆಮೇಲೂ ಹೀಗೆ ಪದೇ ಪದೇ ಆಗಿದೆ. ಕರೆಂಟ್ ಹೋದರೆ ಫ್ರಿಜ್‌ನಲ್ಲಿ ಜೋಪಾನವಾಗಿ ಇಟ್ಟ ಆ ಕೋಳಿಯೂ ಹೋಯಿತು.

ಜನ ಬಾಯಿ ಬಿಟ್ಟರೆ ಸರ್ಕಾರ ಸಹಿಸುವುದಿಲ್ಲ. 2021ರ ಜುಲೈ 11ರಂದು ಹತ್ತಾರು ಊರುಗಳಲ್ಲಿ ಜನ ಬೀದಿಗೆ ಬಂದರು. ನೂರಾರು ಜನ ಜೈಲು ಸೇರಿದರು, ಕೆಲವರಿಗೆ ಹತ್ತು ವರ್ಷಕ್ಕಿಂತ ಜಾಸ್ತಿ ಶಿಕ್ಷೆ. 2024ರ ಮಾರ್ಚ್‌ನಲ್ಲಿ ಕ್ಯೂಬಾದ ಸಾಂತಿಯಾಗೊ ನಗರದಲ್ಲಿ ಮತ್ತೆ ಜನ ಸೇರಿದರು. ಅವರು ಕೂಗಿದ್ದು ಎರಡೇ ಮಾತು: ಕರೆಂಟು, ಊಟ. ಎಷ್ಟೋ ಜನ ದೇಶವನ್ನೇ ಬಿಟ್ಟರು. 1 ಕೋಟಿ 10 ಲಕ್ಷಕ್ಕಿಂತ ಜಾಸ್ತಿ ಇದ್ದ ಜನಸಂಖ್ಯೆ ಕೆಲವೇ ವರ್ಷದಲ್ಲಿ 1 ಕೋಟಿಗಿಂತ ಕೆಳಗಿಳಿದಿದೆ. ಹೋದವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ಮನೆಯಲ್ಲಿ ಉಳಿದವರು ಅಜ್ಜ ಅಜ್ಜಿಯರು.

ಮಯಾಮಿಯ ಕ್ಯೂಬನ್ನರ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆ, ಅಂಗಡಿ ಕಳೆದುಕೊಂಡವರು, ಅಣ್ಣನನ್ನೋ ಅಪ್ಪನನ್ನೋ ಜೈಲಿನಲ್ಲಿ ಕಳೆದುಕೊಂಡವರು ಅವರು. ದಿಗ್ಬಂಧನ ತೆಗೆದರೆ ಬರುವ ದುಡ್ಡು ಸೈನ್ಯದ ಕಂಪನಿಗಳ ಕೈ ಸೇರುತ್ತದೆ ಎಂದು ಅವರು ಹೇಳುವುದರಲ್ಲೂ ಹುರುಳಿದೆ. ಹೋಟೆಲ್, ಆಮದು ಎಲ್ಲದರಲ್ಲೂ ಗಾಯೆಸಾ ಎಂಬ ಸೈನ್ಯದ ಸಂಸ್ಥೆಯ ಹಿಡಿತ ದೊಡ್ಡದು. ನಾನು ಅವರಿಂದ ಬೇರೆಯಾಗುವುದು ಒಂದೇ ಪ್ರಶ್ನೆಯಲ್ಲಿ. 60 ವರ್ಷಕ್ಕೂ ಮಿಕ್ಕಿ ಈ ಔಷಧ ಕೊಟ್ಟದ್ದಾಯಿತು. ಸರ್ಕಾರ ಬಿತ್ತೇ? ಕ್ಯಾಸ್ಟ್ರೋ ಹಾಸಿಗೆಯಲ್ಲೇ ಸತ್ತರು, 2016ರಲ್ಲಿ, 90ನೇ ವಯಸ್ಸಿಗೆ.

ಅಧ್ಯಕ್ಷರ ಕೈಯಲ್ಲೂ ಇಲ್ಲದ ಬೀಗ

ಹಾಗಾದರೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿ ತೆಗೆಯಬಾರದೇ? ಆಗುವುದಿಲ್ಲ. ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಇದು.

1996ರ ಫೆಬ್ರವರಿ 24ರಂದು ಮಯಾಮಿಯ ಒಂದು ವಲಸಿಗರ ಗುಂಪಿನ ಎರಡು ಸಣ್ಣ ವಿಮಾನಗಳನ್ನು ಕ್ಯೂಬಾ ಹೊಡೆದುರುಳಿಸಿತು. ನಾಲ್ಕು ಜನ ಸತ್ತರು. ಮೂರೇ ವಾರದೊಳಗೆ ಹೆಲ್ಮ್ಸ್-ಬರ್ಟನ್ ಕಾನೂನಿಗೆ ಕ್ಲಿಂಟನ್ ಸಹಿ ಬಿತ್ತು. ಅಲ್ಲಿಯವರೆಗೆ ದಿಗ್ಬಂಧನ ಹೆಚ್ಚಾಗಿ ಅಧ್ಯಕ್ಷರ ಆದೇಶದ ಮೇಲೆ ನಿಂತಿತ್ತು. ಇದಾದ ಮೇಲೆ ಅದು ಸಂಸತ್ತಿನ ಕಾನೂನಾಯಿತು. ತೆಗೆಯಬೇಕಾದರೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮತ ಹಾಕಬೇಕು, ಇಲ್ಲವೇ ಕ್ಯೂಬಾ ಉದ್ದದ ಪಟ್ಟಿಯನ್ನು ಪಾಲಿಸಬೇಕು: ರಾಜಕೀಯ ಕೈದಿಗಳ ಬಿಡುಗಡೆ, ಮುಕ್ತ ಚುನಾವಣೆ, ಫಿಡೆಲ್ ಅಥವಾ ಅವರ ತಮ್ಮ ರೌಲ್ ಕ್ಯಾಸ್ಟ್ರೋ ಇಲ್ಲದ ಸರ್ಕಾರ. ಸತ್ತ ಫಿಡೆಲ್ ಹೆಸರು ಕಾನೂನಿನಲ್ಲಿ ಇವತ್ತಿಗೂ ಇದೆ.

ಆಸ್ತಿಯ ಪ್ರಶ್ನೆ ಇನ್ನೊಂದು ಗಂಟು. 1960ರ ಹೊತ್ತಿಗೆ ಆಸ್ತಿ ಕಳೆದುಕೊಂಡ ಅಮೆರಿಕನ್ನರ 5,913 ದಾವೆಗಳನ್ನು ಅಲ್ಲಿನ ಆಯೋಗ ಒಪ್ಪಿದೆ. ಅಸಲು ಸುಮಾರು 190 ಕೋಟಿ ಡಾಲರ್, ಬಡ್ಡಿ ಸೇರಿದರೆ ಹಲವು ಪಟ್ಟು. ಇದು ನ್ಯಾಯವಾದ ಬೇಡಿಕೆ. ಸ್ಪೇನ್, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಕೆನಡಾ, ಬ್ರಿಟನ್ ಜೊತೆ ಕ್ಯೂಬಾ ಕೂತು ಮಾತಾಡಿ ಇಂಥ ಲೆಕ್ಕ ಚುಕ್ತಾ ಮಾಡಿದೆ. ಅಮೆರಿಕದ ಜೊತೆ ಮಾತ್ರ ಆಗಿಲ್ಲ. ಅದರ ಬದಲು, ಆ ಹಳೆಯ ಆಸ್ತಿ ಬಳಸುವ ಯಾರ ಮೇಲಾದರೂ ಅಮೆರಿಕದಲ್ಲಿ ಕೇಸು ಹಾಕಬಹುದು ಎಂಬ ಕಲಮು ಹೆಲ್ಮ್ಸ್-ಬರ್ಟನ್‌ನಲ್ಲಿದೆ. 23 ವರ್ಷ ಎಲ್ಲ ಅಧ್ಯಕ್ಷರೂ ಅದನ್ನು ತಡೆಹಿಡಿದಿದ್ದರು. 2019ರ ಮೇ ತಿಂಗಳಲ್ಲಿ ಟ್ರಂಪ್ ಆ ತಡೆ ತೆಗೆದರು. ಹವಾನಾ ಬಂದರಿನ ಕಟ್ಟೆ ಬಳಸಿದ್ದಕ್ಕೆ ಅಮೆರಿಕದ ಪ್ರವಾಸಿ ಹಡಗು ಕಂಪನಿಗಳ ಮೇಲೇ ಕೇಸು ಬಿತ್ತು. ಒಬಾಮ ಕಾಲದಲ್ಲಿ ಆ ಪ್ರವಾಸಕ್ಕೆ ದಾರಿ ತೆರೆದದ್ದು ಅಮೆರಿಕದ ಸರ್ಕಾರವೇ. ಇದನ್ನೆಲ್ಲ ನೋಡಿದ ಹೊರಗಿನ ಕಂಪನಿಗಳು ಕ್ಯೂಬಾದಲ್ಲಿ ಹಣ ಹೂಡುತ್ತವೆಯೇ?

ವಿಯೆಟ್ನಾಂ ಹೇಳುವುದೇನು

ಕಮ್ಯುನಿಸ್ಟ್ ದೇಶ ಎಂಬ ಕಾರಣ ಕೊಡುವವರಿಗೆ ನಾನು ವಿಯೆಟ್ನಾಂ ಕಡೆ ಕೈ ತೋರಿಸುತ್ತೇನೆ. ಅಮೆರಿಕದ 58 ಸಾವಿರ ಸೈನಿಕರು ಸತ್ತ ಯುದ್ಧ ಅಲ್ಲಿ ನಡೆದದ್ದು. ವಿಯೆಟ್ನಾಮಿಗರು ಲಕ್ಷಗಟ್ಟಲೆ ಸತ್ತರು. ಆದರೂ 1994ರ ಫೆಬ್ರವರಿ 3ರಂದು ಕ್ಲಿಂಟನ್ ಆ ದೇಶದ ಮೇಲಿನ ದಿಗ್ಬಂಧನ ತೆಗೆದರು. ಈಗ ವಿಯೆಟ್ನಾಂ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್‌ಗಿಂತ ಜಾಸ್ತಿ ಮೌಲ್ಯದ ಸರಕನ್ನು ಅಮೆರಿಕಕ್ಕೆ ಕಳಿಸುತ್ತದೆ.

ಅಲ್ಲಿ ಈಗಲೂ ಒಂದೇ ಪಕ್ಷ. ಪತ್ರಕರ್ತರು ಜೈಲಿಗೆ ಹೋಗುವುದು ನಿಂತಿಲ್ಲ. ಅಂದರೆ ದಿಗ್ಬಂಧನ ತೆಗೆದರೆ ಪ್ರಜಾಪ್ರಭುತ್ವ ತಾನಾಗಿ ಬರುತ್ತದೆ ಎಂದು ನಾನು ಹೇಳಲಾರೆ. ಆದರೆ ಅಲ್ಲಿನ ಜನ ಹೊಟ್ಟೆ ತುಂಬ ಉಣ್ಣುತ್ತಾರೆ. ಇನ್ನೊಂದು ಮಾತು: ವಿಯೆಟ್ನಾಂ 1986ರಲ್ಲೇ ರೈತರಿಗೆ, ಸಣ್ಣ ವ್ಯಾಪಾರಿಗಳಿಗೆ ದಾರಿ ಬಿಟ್ಟಿತ್ತು. ದಿಗ್ಬಂಧನ ತೆಗೆದಾಗ ಅದರ ಲಾಭ ಹಿಡಿದುಕೊಳ್ಳಲು ಅವರು ತಯಾರಿದ್ದರು. ಕ್ಯೂಬಾ ಸಣ್ಣ ಖಾಸಗಿ ಕಂಪನಿಗಳಿಗೆ ಕಾನೂನಿನ ಜಾಗ ಕೊಟ್ಟದ್ದು 2021ರಲ್ಲಿ. ಈಗ ವಿಯೆಟ್ನಾಮಿನ ಕಂಪನಿಯೇ ಕ್ಯೂಬಾದ ಪಿನಾರ್ ದೆಲ್ ರಿಯೊದಲ್ಲಿ ಜಮೀನು ಪಡೆದು ಭತ್ತ ಬೆಳೆಯುತ್ತಿದೆ.

ಕ್ಯೂಬಾದಲ್ಲಿ ಬುದ್ಧಿ ಇಲ್ಲ, ಶ್ರಮ ಇಲ್ಲ ಅಂತ ಯಾರಾದರೂ ಅಂದರೆ ಬೆಂಗಳೂರಿನಲ್ಲೇ ಉತ್ತರ ಇದೆ. ಹವಾನಾದ ಅಣು ರೋಗನಿರೋಧ ಕೇಂದ್ರದ ವಿಜ್ಞಾನಿಗಳು ಕಂಡುಹಿಡಿದ ನಿಮೋಟುಜುಮ್ಯಾಬ್ ಎಂಬ ಔಷಧವನ್ನು ಬಯೋಕಾನ್ ಕಂಪನಿ ಆ ವಿಜ್ಞಾನಿಗಳ ಜೊತೆ ಸೇರಿ ಇಲ್ಲಿ ತಯಾರಿಸಿತು. 2006ರಲ್ಲಿ ಅದು ನಮ್ಮ ಮಾರುಕಟ್ಟೆಗೆ ಬಂತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಕೊಡುವ ಔಷಧ. ಹೊಗೆಸೊಪ್ಪು, ಗುಟ್ಕಾ ಜಗಿದು ಬಾಯಿ ಕ್ಯಾನ್ಸರ್ ಬರುವ ನಮ್ಮಂಥ ನಾಡಿಗೆ ಅದರ ಬೆಲೆ ಗೊತ್ತು. ಅದೇ ಕೇಂದ್ರದ ಶ್ವಾಸಕೋಶ ಕ್ಯಾನ್ಸರ್ ಲಸಿಕೆಯನ್ನು ನ್ಯೂಯಾರ್ಕ್ ರಾಜ್ಯದ ಬಫಲೊದ ರೋಸ್‌ವೆಲ್ ಪಾರ್ಕ್ ಆಸ್ಪತ್ರೆ ರೋಗಿಗಳ ಮೇಲೆ ಪರೀಕ್ಷಿಸಬೇಕಾದಾಗ, ತನ್ನದೇ ದೇಶದ ಖಜಾನೆ ಇಲಾಖೆಯಿಂದ ಲೈಸೆನ್ಸ್ ಪಡೆಯಬೇಕಾಯಿತು. ಬಾಗಿಲು ಮುಚ್ಚಿದರೆ ಒಳಗಿದ್ದವರಷ್ಟೇ ಅಲ್ಲ, ಹೊರಗೆ ನಿಂತವರೂ ಕಳೆದುಕೊಳ್ಳುತ್ತಾರೆ.

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1992ರಿಂದ ಈ ದಿಗ್ಬಂಧನ ನಿಲ್ಲಲಿ ಎಂದು ಮತ ಹಾಕುತ್ತಲೇ ಬಂದಿದೆ. ಭಾರತವೂ ಪರವಾಗಿ ಮತ ಹಾಕುತ್ತದೆ. 2024ರಲ್ಲಿ 187 ದೇಶಗಳು ಪರ, ವಿರೋಧ ಅಮೆರಿಕ ಮತ್ತು ಇಸ್ರೇಲ್ ಎರಡೇ. 2025ರಲ್ಲಿ ಪರ ಮತ 165ಕ್ಕೆ ಇಳಿಯಿತು, ವಿರೋಧ 7 ಆಯಿತು. ಈ ನಿರ್ಣಯಕ್ಕೆ ಯಾರನ್ನೂ ಕಟ್ಟಿಹಾಕುವ ಶಕ್ತಿ ಇಲ್ಲ.

ಕಾನೂನು ಬದಲಾಗುವವರೆಗೆ ಏನೂ ಮಾಡಲು ಆಗುವುದಿಲ್ಲ ಅಂತಲ್ಲ. ಭಯೋತ್ಪಾದನೆಯ ಪಟ್ಟಿಯಿಂದ ಹೆಸರು ತೆಗೆಯುವುದು ಅಧ್ಯಕ್ಷರ ಕೈಯಲ್ಲಿದೆ. ಕೇಸು ಹಾಕುವ ಕಲಮನ್ನು ಮತ್ತೆ ತಡೆಹಿಡಿಯುವುದೂ ಅವರ ಕೈಯಲ್ಲಿದೆ. ಹವಾನಾ ಕೂಡ ರೈತನಿಗೆ ತನ್ನ ಬೆಳೆಯನ್ನು ತಾನೇ ಮಾರಲು ಬಿಡಬಹುದು. ಜುಲೈ 11ರ ಕೈದಿಗಳನ್ನು ಮನೆಗೆ ಕಳಿಸಬಹುದು. ಇದಕ್ಕೆ ಯಾವ ಅಮೆರಿಕನ್ನರ ಅಪ್ಪಣೆಯೂ ಬೇಕಿಲ್ಲ.

2025ರ ಜನವರಿ 14ರಂದು ಇಂಥದ್ದೊಂದು ನಡೆದೂ ಇತ್ತು. ವ್ಯಾಟಿಕನ್ ನಡುವೆ ನಿಂತು ಮಾತಾಡಿಸಿತ್ತು. ಕ್ಯೂಬಾವನ್ನು ಪಟ್ಟಿಯಿಂದ ತೆಗೆಯುವುದಾಗಿ ಬೈಡನ್ ಹೇಳಿದರು. ಅದೇ ದಿನ ಕ್ಯೂಬಾ 553 ಕೈದಿಗಳನ್ನು ಬಿಡುವುದಾಗಿ ಹೇಳಿತು. ಮರುದಿನದಿಂದಲೇ ಜನ ಜೈಲಿನಿಂದ ಹೊರಬರಲು ಶುರುವಾದರು. ಜನವರಿ 20ರಂದು ಟ್ರಂಪ್ ಅಧಿಕಾರ ವಹಿಸಿಕೊಂಡರು. ಅದೇ ದಿನ ಕ್ಯೂಬಾ ಮತ್ತೆ ಪಟ್ಟಿಗೆ ಸೇರಿತು. ಬಿಡುಗಡೆ ನಡುವೆಯೇ ನಿಂತುಹೋಯಿತು. ಕೆಲವು ವಾರ ಕಳೆದು ಮತ್ತೆ ಶುರುವಾಗಿ ಮಾರ್ಚ್‌ನಲ್ಲಿ 553ರ ಲೆಕ್ಕ ಮುಗಿಯಿತು ಎಂದು ಕ್ಯೂಬಾ ಹೇಳಿತು. ಪಟ್ಟಿಯಲ್ಲಿ ಕ್ಯೂಬಾದ ಹೆಸರು ಮಾತ್ರ ಹಾಗೇ ಉಳಿಯಿತು.